ಮನುಷ್ಯರ ಕಿಟಕಿ

ಈಗ ದೂರದವರ ಜೊತೆ ಮಾತೆಲ್ಲ ಆ್ಯಪಿನಲ್ಲೇ. ಕೆಟ್ಟ ಮಾತಾಡಿದವರ ದನಿಯನ್ನು ಯಂತ್ರ ತಾನೇ ಮುಚ್ಚಿಬಿಡುತ್ತದೆ. ಯಂತ್ರದ್ದೇ ತಪ್ಪು ಅನ್ನುವವರಿಗೆ ಗದಗಿನಲ್ಲಿ ಒಂದೇ ಒಂದು ಮನುಷ್ಯರ ಕಿಟಕಿ ಇದೆ. ದನಿ ಮುಚ್ಚಿಸಿಕೊಂಡ ನೀಲವ್ವನ ಸರದಿ ಬರಲು ನಾಲ್ಕು ತಿಂಗಳು ಹಿಡಿಯಿತು. ಅಷ್ಟು ದಿನ ಆಕೆ ಗೋಡೆಯ ಜೊತೆ ಮಾತಾಡಿದ್ದಳು.

ಕಿಟಕಿಯೊಳಗಿನ ಫಕ್ಕೀರೇಶ ಯಂತ್ರ ಹಿಡಿದಿಟ್ಟಿದ್ದ ಆಕೆಯ ಮಾತನ್ನು ಹಾಕಿ ಕೇಳಿಸಿದ: "ನಿನ್ನ ಹೆಣಾ ಎತ್ಲಿ, ನನ್ನ ಬಿಟ್ಟು ಮದಿವಿಗೆ ಹ್ವಾದೇನ?"

"ಕೊಲೆ ಬೆದರಿಕಿ ಅಂತ ಯಂತ್ರ ಬರದೈತಲ್ಲ ಯವ್ವಾ?"

"ತುಳಜವ್ವ ನಲವತ್ತು ವರ್ಷದ ಗೆಳತಿರೀ. ಹಂಗ ಬೈಲಿಲ್ಲಂದ್ರ ನಾ ಸಿಟ್ಟಾಗೀನಿ ಅಂತ ತಿಳಕೊಂಡು ಅಳ್ತಾಳ."

"ನಮ್ಮವ್ವನೂ ನನ್ನ ಹಿಂಗ ಎಬ್ಬಸ್ತಿದ್ಲು," ಎಂದು ಫಕ್ಕೀರೇಶ ನಕ್ಕು ಆಕೆಯ ದನಿ ತೆರೆದ.

ನೀಲವ್ವ ಅಲ್ಲೇ ನಿಂತು ಫೋನು ಹಚ್ಚಿದಳು. ಆ ಕಡೆಯಿಂದ ತುಳಜವ್ವ ಅಳುತ್ತಲೇ ಕೂಗಿದಳು: "ಇಷ್ಟು ದಿನಾ ಎಲ್ಲಿ ಸತ್ತಿದ್ದೆಲೇ, ನಿನ್ನ ಬಾಯಾಗ ಮಣ್ಣ ಹಾಕ..."

ಅಷ್ಟಕ್ಕೇ ಯಂತ್ರ ಆ ದನಿಯನ್ನು ಮುಚ್ಚಿತು.

"ಆಕಿ ಹೆಸರಿಗೆ ಬ್ಯಾರೆ ಚೀಟಿ ಬೇಕು. ಮತ್ತ ನಾಲ್ಕು ತಿಂಗಳು," ಎಂದ ಫಕ್ಕೀರೇಶ. "ಆದರ ನಿನ್ನ ಮಾತು ಆಕೀಗೆ ಕೇಳಸ್ತೈತಿ. ಬೈಬ್ಯಾಡ ಮತ್ತ."

ನೀಲವ್ವ ಬಾಯಿಗೆ ಬಂದ ಬೈಗುಳವನ್ನು ನುಂಗಿದಳು. ಕೊನೆಗೆ ಫೋನಿಗೆ ಮೆಲ್ಲಗೆ, "ತುಳಜವ್ವಾರ, ಊಟ ಆತೇನ್ರೀ?" ಎಂದಳು.