ಎಂಜಲು

ವೈನ್ ಕಾರ್ಖಾನೆಗೆ ರುಚಿ ನೋಡಲು ಬಂದವರಿಗೆ ಗೈಡ್ ಅಲ್ಲಿನ ರೀತಿ ರಿವಾಜು ಹೇಳಿಕೊಟ್ಟ. "ನುಂಗ್ಬೇಡಿ. ಬಾಯಲ್ಲಿ ಆಡಿಸಿ, ಈ ಬಕೆಟ್ಟಿಗೆ ಉಗೀರಿ. ನಾಚ್ಕೋಬೇಡಿ, ಇಲ್ಲಿ ಅದೇ ಮರ್ಯಾದೆ."

ಎಲ್ಲರೂ ಉಗಿದರು. ವೈಜಯಂತಿಗೆ ಮಾತ್ರ ಮನಸ್ಸು ಬರಲಿಲ್ಲ. ಬಕೆಟ್ ಎತ್ತಲೆಂದು ಮೂಲೆಯಲ್ಲಿ ನಿಂತಿದ್ದ ಹೆಂಗಸಿಗೆ ಅವಳ ತಾಯಿಯಷ್ಟು ವಯಸ್ಸಾಗಿತ್ತು. ಕೊಟ್ಟ ನಾಲ್ಕು ಬಗೆಯನ್ನೂ ವೈಜಯಂತಿ ಮುಖ ಕಿವುಚಿಕೊಂಡು ಕಷಾಯದಂತೆ ನುಂಗಿದಳು.

ಆ ಹೆಂಗಸು ಹತ್ತಿರ ಬಂದಳು. "ನೀವ್ಯಾಕಮ್ಮ ಉಗೀಲಿಲ್ಲ?"

"ನನ್ನ ಎಂಜಲು ನೀವು ಹೊರೋದು ಬೇಡ ಅಂತ."

ಹೆಂಗಸು ಬಕೆಟ್ಟಿನೊಳಗೆ ಇಣುಕಿ ನೋಡಿ, ದನಿ ತಗ್ಗಿಸಿದಳು.

"ಉಗೀರಮ್ಮ, ನಿಮ್ ದಮ್ಮಯ್ಯ. ಕುಡಿಯೋಕೆ ಒಂದು ಬಾಟ್ಲಿನಾದ್ರೂ ತುಂಬ್ಕೊಂಡು ಹೋಗ್ದಿದ್ರೆ ನನ್ ಗಂಡ ಇವತ್ತೂ ಹೊಡೀತಾನೆ."