ಬಿಳಿಯ ಕೆಳಗಿನ ಬಣ್ಣ

ಕಾರು ಕೊಟ್ಟರಷ್ಟೇ ತಾಳಿ ಕಟ್ಟುತ್ತೇನೆಂದು ಹಟ ಹಿಡಿದು ಮಾವನಿಂದ ಪಡೆದಿದ್ದ ಬಿಳಿ ಕಾರದು. ನಲವತ್ತು ವರ್ಷಕ್ಕೆ ಮೈಯೆಲ್ಲ ನೆಗ್ಗು, ತುಕ್ಕು. ನಿವೃತ್ತನಾದ ಮೇಲೆ ಅವನೇ ಅಂಗಳದಲ್ಲಿ ಕೂತು ಉಪ್ಪುಕಾಗದ ಹಾಕಿ ಉಜ್ಜತೊಡಗಿದ್ದ. ತಿಂಗಳಿಗೆ ಭುಜ ಸೋತುಹೋಗಿತ್ತು. ಇವತ್ತು ಬಾಗಿಲಿನ ಬಿಳಿ ಕಿತ್ತುಬಂದು ಕೆಳಗೆ ಕಪ್ಪು ಕಾಣಿಸಿತು. ಟಾಪಿನಲ್ಲಿ ಹಳದಿ.

ಹೆಂಡತಿ ಕಾಫಿ ತಂದಳು.

"ನೋಡು, ಯಾರದೋ ಹಳೇ ಟ್ಯಾಕ್ಸಿಗೆ ಬಣ್ಣ ಹೊಡೆಸಿ ಹೊಸದು ಅಂತ ನನಗೆ ದಾಟಿಸಿದಾರೆ ನಿಮ್ಮಪ್ಪ."

ಅವಳು ಸೆರಗಿನಿಂದ ಆ ಹಳದಿಯ ಮೇಲಿನ ಧೂಳು ಒರೆಸಿದಳು.

"ಯಾರದೋ ಅಲ್ಲ, ಅಪ್ಪಂದೇ."

ಅವನು ಉಪ್ಪುಕಾಗದ ಕೆಳಗಿಟ್ಟ.

"ನಮ್ಮ ಮದುವೆ ಆದ ವಾರಕ್ಕೇ ಅವರು ಟ್ಯಾಕ್ಸಿ ಬಿಟ್ಟು ಮಂಡಿಯಲ್ಲಿ ಮೂಟೆ ಹೊರೋಕೆ ಹೋದ್ರಲ್ಲ, ಯಾಕೆ ಅಂತ ನೀವು ಕೇಳ್ಲೇ ಇಲ್ಲ."