ಎಡಗೈ ತೋರುಬೆರಳು

ಶಿವಶರಣಪ್ಪನ ಬೆರಳು ಕಣ್ಣಿಗೆ ಬಿದ್ದದ್ದೇ ತಡ, ಪುಂಡಲೀಕನ ಕೈಯಲ್ಲಿದ್ದ ಚಹಾದ ಕಪ್ಪು ಗೋಡೆಗೆ ಅಪ್ಪಳಿಸಿ ಚೂರಾಯಿತು.

ಎಡಗೈ ತೋರುಬೆರಳು. ಉಗುರಿನ ಬುಡದಲ್ಲಿ ಕಪ್ಪು ಕಲೆ. ಕುಮಟೆಯಲ್ಲಿದ್ದಾಗ ಮೂರು ಚುನಾವಣೆಗಳಲ್ಲಿ ಸಾಲಿನಲ್ಲಿ ನಿಂತು ತಾನೇ ಹಚ್ಚಿಸಿಕೊಂಡ ಮಸಿಯ ಗುರುತು ಅವನಿಗೆ ತಿಳಿಯದೇ?

"ಹಾಕಿ ಬಂದ್ಯಾ ಕಳ್ಳ? ದೀಪದ ಮೇಲೆ ಇಟ್ಟ ಕೈಯಲ್ಲೇ ಓಟು ಹಾಕಿ ಬಂದ್ಯಾ?"

ಅದು ೧೯೯೬ರ ನವೆಂಬರ್ ಐದು, ಅಮೆರಿಕದ ಅಧ್ಯಕ್ಷರ ಚುನಾವಣೆಯ ದಿನ. ಇಬ್ಬರೂ ಫೇರ್‌ಫ್ಯಾಕ್ಸಿನಲ್ಲಿ ಹದಿನೈದು ವರ್ಷ ಅಕ್ಕಪಕ್ಕದ ಮನೆಯಲ್ಲಿ ಬಾಳಿದವರು. ಏಪ್ರಿಲ್‌ನಲ್ಲಿ ಒಂದೇ ದಿನ, ಒಂದೇ ಸಭಾಂಗಣದಲ್ಲಿ ಕೈ ಎತ್ತಿ ಈ ದೇಶದ ಪ್ರಜೆಗಳಾದವರು. ಗ್ರಹಚಾರ ಶುರುವಾದದ್ದೇ ಅಲ್ಲಿಂದ. ಪುಂಡಲೀಕ ಈಗಿರುವ ಅಧ್ಯಕ್ಷನ ಕಡೆ. ಹಿಂದಿನ ಚಳಿಗಾಲದಲ್ಲಿ ಸರ್ಕಾರ ಕಚೇರಿಗಳ ಬಾಗಿಲು ಹಾಕಿದಾಗ ಮೂರು ವಾರ ಮನೆಯಲ್ಲಿ ನೊಣ ಹೊಡೆದ ಗುತ್ತಿಗೆ ನೌಕರ ಅವನು. ಹಾಗೆ ಬಾಗಿಲು ಹಾಕಿಸಿದ ಎದುರು ಪಕ್ಷಕ್ಕೆ ತನ್ನ ಓಟಿನಿಂದಲೇ ಬುದ್ಧಿ ಕಲಿಸಬೇಕೆಂದು ಹಲ್ಲು ಕಡಿಯುತ್ತಿದ್ದ. ಶಿವಶರಣಪ್ಪ ಬಾಗಲಕೋಟೆಯವನು, ಎದುರು ಪಕ್ಷದ ಕಡೆ, ಅಧ್ಯಕ್ಷನ ಬಗ್ಗೆ ಅವನದು ಒಂದೇ ಮಾತು: "ಆಡಿದ ಮಾತಿಗೆ ನಿಲ್ಲದವಗ ನನ್ನ ಓಟಿಲ್ಲ."

ಗಣೇಶನ ಹಬ್ಬದ ಊಟದಲ್ಲಿ ಮಾತು ಕೈಗೆ ಬಂತು. ಪುಂಡಲೀಕನ ಕನ್ನಡಕ ಒಡೆಯಿತು, ಶಿವಶರಣಪ್ಪನ ಹಲ್ಲು ಅಲುಗಾಡಿತು. ಕೊನೆಗೆ ಶಿವಶರಣಪ್ಪನ ಹೆಂಡತಿ ಶಾಂತವ್ವ ಇಬ್ಬರ ರಟ್ಟೆ ಹಿಡಿದು ದೇವರ ಮುಂದೆ ನಿಲ್ಲಿಸಿದಳು. "ಇವರು ಒಬ್ಬಗ ಹಾಕ್ತಾರ, ನೀವು ಇನ್ನೊಬ್ಬಗ ಹಾಕ್ತೀರಿ. ಅಲ್ಲಿಗಲ್ಲಿಗೆ ಸರಿ ಆತಿಲ್ಲೋ? ಇಬ್ಬರೂ ಮನ್ಯಾಗ ಕೂಡ್ರಿ!" ಉರಿಯುವ ದೀಪದ ಮೇಲೆ ಕೈ ಹಿಡಿದು, ಓಟು ಹಾಕುವುದಿಲ್ಲವೆಂದು ಇಬ್ಬರೂ ಆಣೆ ಮಾಡಿದರು.

ಪುಂಡಲೀಕ ಆಣೆ ಉಳಿಸಿಕೊಂಡಿದ್ದ. ಅಮೆರಿಕದಲ್ಲಿ ಅವನ ಮೊದಲನೆಯ ಓಟು ಆಗಬೇಕಿದ್ದದ್ದು ಅದು. ಸಂಜೆ ಮೆಟ್ರೋ ಇಳಿದು ಕಾರಿನಲ್ಲಿ ಬರುವಾಗ ಓಟು ನಡೆಯುತ್ತಿದ್ದ ಶಾಲೆಯ ಮುಂದಿನ ಸಾಲು ಕಂಡು ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗಿತ್ತು. ಆದರೂ ಗೆಳೆಯನಿಗಾಗಿ ವೇಗ ಹೆಚ್ಚಿಸಿ ದಾಟಿಬಂದಿದ್ದ. ಇಬ್ಬರೂ ಕೂತು ಟಿವಿಯಲ್ಲಿ ಫಲಿತಾಂಶ ನೋಡೋಣ ಎಂದು ನೇರವಾಗಿ ಶಿವಶರಣಪ್ಪನ ಈ ಅಡುಗೆಮನೆಗೇ ಬಂದಿದ್ದ.

"ಇದು ಮಸಿ ಅಲ್ಲಲೇ! ಖರೇನ ಮಸಿ ಅಲ್ಲ!" ಎಂದ ಶಿವಶರಣಪ್ಪ. ಮತ್ತೆ ಮತ್ತೆ ಅದನ್ನೇ ಹೇಳಿದ.

ಪುಂಡಲೀಕನ ಕಿವಿಗೆ ಅದೊಂದೂ ಬೀಳಲಿಲ್ಲ. ಕುತ್ತಿಗೆಪಟ್ಟಿ ಹಿಡಿದು ಗೆಳೆಯನ ತಲೆಯನ್ನು ಫ್ರಿಜ್ಜಿಗೆ ಗುದ್ದಿದ. ಹುಬ್ಬು ಒಡೆಯಿತು, ತುಟಿ ಸೀಳಿತು, ಕರ್ರಗಿನ ಮೀಸೆಯ ಮೇಲೆ ರಕ್ತ ಇಳಿಯಿತು. ಆಮೇಲೆ ಆ ಬೆರಳನ್ನು ಮುಷ್ಟಿಯಲ್ಲಿ ಹಿಡಿದು ಹಿಂದಕ್ಕೆ ಮಡಚಿದ. ಲಟಕ್ಕೆಂದು ಸದ್ದಾಯಿತು. ಶಿವಶರಣಪ್ಪ ನೆಲಕ್ಕೆ ಕುಸಿದ. ಅಷ್ಟಕ್ಕೇ ಬಿಡದೆ ಪಕ್ಕೆಗೆ ಎರಡು ಒದ್ದ. ಲಟ್ಟಣಿಗೆ ಹಿಡಿದು ಓಡಿಬಂದ ಶಾಂತವ್ವ ಪುಂಡಲೀಕನ ಬೆನ್ನಿಗೆ ಬಾರಿಸಿದಳು.

ಅವನು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಕಾರಿನ ಕೀಲಿಕೈ ತೆಗೆದ. "ಏಳು ಗಂಟೆಯವರೆಗೆ ಓಟು ಉಂಟು. ಇನ್ನೂ ಅರ್ಧ ಗಂಟೆ ಇದೆ. ನಾನೂ ಹಾಕಿ ಬರ್ತೇನೆ!"

ಶಾಂತವ್ವ ಬಾಗಿಲಿಗೆ ಅಡ್ಡ ನಿಂತಳು. "ಬಣ್ಣ ಅಣ್ಣಾರ ಅದು! ಮೀಸಿ ಬಣ್ಣ!" ಅವನನ್ನು ಬಚ್ಚಲಮನೆಗೆ ದರದರ ಎಳೆದೊಯ್ದಳು. ಬೇಸಿನ್ನಿನ ಮೇಲೆ ಪುಟ್ಟ ಬಟ್ಟಲು, ಅದರ ತಳದಲ್ಲಿ ಒಣಗಿದ ಕಪ್ಪು ಬಣ್ಣ, ಅಂಚಿನಲ್ಲಿ ಬೆರಳು ಒರೆಸಿದ ಗುರುತು. "ಐವತ್ತಾತು, ಎಂದೂ ಹಚ್ಚಿದವರಲ್ಲ. ಇವತ್ತ ಮುಂಜಾನಿ ಏನು ಹುಚ್ಚು ಹಿಡೀತೋ, ಎದ್ದು ಬಳಕೊಂಡಾರ. ಎಡಚ ಅಲ್ಲೇನ್ರಿ? ಅದ ಬೆರಳಿಗೆ ಹತ್ತೇತಿ!"

ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಪುಂಡಲೀಕ ಅಡುಗೆಮನೆಗೆ ಓಡಿದ. ನಿನ್ನೆಯವರೆಗೆ ಬೂದುಬಣ್ಣವಿದ್ದ ಮೀಸೆ ಇವತ್ತು ಕರ್ರಗಿರುವುದನ್ನು ಅವನು ನೋಡಿಯೂ ನೋಡಿರಲಿಲ್ಲ. ಗೆಳೆಯನನ್ನು ಎತ್ತಿ ಕಾರಿನಲ್ಲಿ ಮಲಗಿಸಿ ಆಸ್ಪತ್ರೆಯತ್ತ ಓಡಿಸಿದ. ದಾರಿಯಲ್ಲಿ ಮತ್ತೆ ಅದೇ ಶಾಲೆ ಎದುರಾಯಿತು. ಬಾಗಿಲು ಇನ್ನೂ ತೆರೆದಿತ್ತು. ಈ ಬಾರಿ ಅವನು ಆ ಕಡೆ ತಿರುಗಿಯೂ ನೋಡಲಿಲ್ಲ.

ತುರ್ತು ಚಿಕಿತ್ಸೆಯ ಕೋಣೆಯಲ್ಲಿ ನರ್ಸು, ಇದೆಲ್ಲ ಹೇಗಾಯಿತು ಎಂದು ಕೇಳಿದಳು. "ಮೆಟ್ಟಿಲ ಮೇಲಿಂದ ಬಿದ್ದೆ" ಎಂದ ಶಿವಶರಣಪ್ಪ. ರೆಪ್ಪೆ ಬಡಿಯದೆ, ಎಷ್ಟು ಸಲೀಸಾಗಿ ಹೇಳಿದನೆಂದರೆ ನರ್ಸು ಹಾಗೇ ಬರೆದುಕೊಂಡಳು. ತನ್ನನ್ನು ಪೊಲೀಸರಿಂದ ಉಳಿಸಲು ಸುಳ್ಳೆಂಬುದನ್ನೇ ಅರಿಯದ ಮನುಷ್ಯ ಮೊದಲ ಸುಳ್ಳು ಹೇಳಿದನಲ್ಲ ಎಂದುಕೊಂಡ ಪುಂಡಲೀಕ.

ಬೆರಳಿಗೆ ಪಟ್ಟಿ ಕಟ್ಟಿದರು. ನೋವಿಗೆ ಸೂಜಿ ಚುಚ್ಚಿದರು. ಗೋಡೆಯ ಗಡಿಯಾರ ಏಳೂಹತ್ತು ತೋರಿಸುತ್ತಿತ್ತು. ಓಟು ಮುಗಿದಿತ್ತು. ಪುಂಡಲೀಕ ಮಂಚದ ಪಕ್ಕ ಮಂಡಿಯೂರಿ ಮಗುವಿನಂತೆ ಅತ್ತ.

"ನಿನ್ನಂಥ ಸತ್ಯವಂತನ ಮೈಮೇಲೆ ಕೈ ಮಾಡಿದೆನಲ್ಲ ಮಾರಾಯ! ನಾನು ಪಾಪಿ. ಕ್ಷಮಿಸು."

ಸೂಜಿಯ ಮಂಪರಿನಲ್ಲಿ ಶಿವಶರಣಪ್ಪನ ಕಣ್ಣು ಅರೆಮುಚ್ಚಿತ್ತು, ನಾಲಿಗೆ ಸಡಿಲವಾಗಿತ್ತು. ಒಡೆದ ತುಟಿಯಲ್ಲೇ ನಕ್ಕು ಗೆಳೆಯನ ತಲೆ ಸವರಿದ.

"ಅಳಬ್ಯಾಡೋ, ತಪ್ಪು ನಂದ... ಬೆರಳಿಗೆ ಮಸಿ ಹಚ್ಚಿದ್ರ ಮೀಸಿ ಬಣ್ಣ ಅಂತ ಹೇಳಿ ಪಾರಾಗೂಣು ಅಂತ ಬಳಕೊಂಡು ಓಟು ಹಾಕಾಕ ಹೋದೆ. ಅಲ್ಲಿ ಬೆರಳು ಚಾಚಿದ್ರ ಹೆಸರು ಬರಕೊಳ್ಳೂ ಮುದುಕಿ ನಕ್ಕು ಕೈ ಕುಲುಕಿದ್ಲು, ಈ ದೇಶದಾಗ ಮಸಿನ ಹಚ್ಚಂಗಿಲ್ಲಲೇ!"